ಮುಳುಗಿದ ಹಡಗಿನಲ್ಲಿದ್ದವರು

ನೌಕಾಪಡೆಯ ಜಲಾಂತರ್ಗಾಮಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಧರ್ಮೇಗೌಡರು ನಿವೃತ್ತರಾಗಿ ೧೯೯೧ರಲ್ಲಿ ಗೋಣಿಬೀಡಿಗೆ ಮರಳಿದರು. ಹತ್ತಿರದ ಎಸ್ಟೇಟಿನಲ್ಲಿ ಕಾಫಿಗೆ ನೀರು ಹಾರಿಸುವ ಡೀಸೆಲ್ ಪಂಪು ಅವರ ಸುಪರ್ದಿಗೆ ಬಂತು. ಚಹಾದ ಹೊತ್ತಿಗೆ ಆಳುಗಳು ಸುತ್ತ ಕೂತರೆ ಗೌಡರಿಗೆ ಎಲ್ಲಿಲ್ಲದ ಹುರುಪು.

“ಮೊದಲು ಜಲಾಂತರ್ಗಾಮಿಗೆ ಪೆಟ್ರೋಲ್ ಎಂಜಿನ್ ಇತ್ತು ಮಾರಾಯ, ಅದರ ಹೊಗೆಗೆ ಒಳಗಿದ್ದವರೇ ಮೂರ್ಛೆ ಹೋಗ್ತಿದ್ರು. ಡೀಸೆಲ್ ಬಂತು ನೋಡು, ಜಲಾಂತರ್ಗಾಮಿ ಎಷ್ಟು ದೂರ ಬೇಕಾದ್ರೂ ಹೋಯ್ತು. ಮೊದಲನೇ ಮಹಾಯುದ್ಧದಲ್ಲಿ ಸರಕಿನ ಹಡಗುಗಳನ್ನ ಸಾಲುಸಾಲಾಗಿ ಮುಳುಗಿಸ್ತು!”

ಕುಂದಾಪುರದ ಕಡೆಯಿಂದ ಬಂದು ತೋಟದಲ್ಲೇ ಮುದುಕಿಯಾಗಿ, ಈಗ ಆಳುಗಳ ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ಮುತ್ತಕ್ಕ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದರು. ಒಂದು ದಿನ ಎಲ್ಲರೂ ಎದ್ದುಹೋದ ಮೇಲೆ ಮೆಲ್ಲಗೆ ಹೇಳಿದರು: “ನನ್ನ ಅಪ್ಪ ಅಂಥ ಸರಕಿನ ಹಡಗಲ್ಲಿ ಒಲೆಗೆ ಕಲ್ಲಿದ್ದಲು ಹಾಕ್ತಿದ್ದದ್ದು ಗೌಡ್ರೆ. ನಾನಾಗ ತೊಟ್ಟಿಲ ಕೂಸು. ಆ ಯುದ್ಧದಿಂದ ಅವರು ಬರ್ಲೇ ಇಲ್ಲ.”

ಗೌಡರು ಚಹಾದ ಲೋಟವನ್ನು ಕೆಳಗಿಟ್ಟರು. ಆಮೇಲೆ, “ಮೊದಲೇ ಹೇಳಬಾರ್ದಿತ್ತಾ ಮುತ್ತಕ್ಕ?” ಅಂದರು.

“ನೀವು ಅಷ್ಟು ಖುಷಿಯಲ್ಲಿ ಹೇಳುವಾಗ ಹ್ಯಾಗೆ ಹೇಳುದು?” ಎಂದ ಮುತ್ತಕ್ಕ ಹತ್ತಿರ ಸರಿದು ಕೇಳಿದರು: “ನೀರಲ್ಲಿ ಜೀವ ಬೇಗ ಹೋಗ್ತದಾ?”

“ಬೇಗ ಹೋಗ್ತದೆ” ಅಂದರು ಗೌಡರು. ಹಾಗಲ್ಲವೆಂದು ಅವರಿಗೆ ಗೊತ್ತಿತ್ತು.

ಇಷ್ಟು ವರ್ಷ ಎಂಜಿನ್ನಿಗೆ ಮರುಳಾಗಿ, ಮುಳುಗಿದ ಹಡಗುಗಳಲ್ಲಿ ಜನರಿದ್ದರೆಂಬುದೇ ತನಗೆ ಹೊಳೆಯಲಿಲ್ಲವಲ್ಲ ಎಂದು ಗೌಡರು ಕೊರಗಿದರು. ಆ ಹಡಗಿನ ಹೆಸರನ್ನಾದರೂ ತಿಳಿದು ಮುತ್ತಕ್ಕನಿಗೆ ಹೇಳೋಣವೆಂದು ಮಂಗಳೂರಿನ ಬಂದರಿನವರೆಗೂ ಹೋಗಿ ವಿಚಾರಿಸಿದರು. ಯಾರಿಗೂ ಗೊತ್ತಿರಲಿಲ್ಲ. ಅವರಿನ್ನೂ ಹುಡುಕುತ್ತಿದ್ದಾಗಲೇ, ೧೯೯೮ರ ಮಳೆಗಾಲದಲ್ಲಿ, ಮುತ್ತಕ್ಕ ತೀರಿಕೊಂಡರು.