ಅಕ್ಕನ ಇಲಿಬೋನು

ಅಡುಗೆಮನೆಯಿಂದ ಕೊಬ್ಬರಿ ಸುಟ್ಟ ವಾಸನೆ ಬರುತ್ತಿದೆ. ಗೋಪಾಳ ಬಡಾವಣೆಯ ನಮ್ಮ ಮನೆಯಲ್ಲಿ ಈ ವಾಸನೆ ಬಂದರೆ ಊಟಕ್ಕೆ ಚಟ್ನಿ ಎಂದು ಹಿಗ್ಗಬಾರದು, ಅದು ಇಲಿಗೆ. ಮೂರು ದಿನದಿಂದ ಉಗ್ರಾಣದಲ್ಲಿ ಒಂದು ಓಡಾಡುತ್ತಿದೆ. ಅಟ್ಟದಿಂದ ಬೋನು ಇಳಿಸಿಕೊಡಿ ಎಂದು ಮನೆಯಾಕೆಯ ಆಜ್ಞೆಯಾಗಿ, ನಾನು ಏಣಿ ಹತ್ತಿ, ಬೋನು ಕೈಗೆ ತೆಗೆದುಕೊಂಡು, ಅಲ್ಲೇ ಕೂತುಬಿಟ್ಟಿದ್ದೇನೆ. ನನ್ನ ವಯಸ್ಸಿಗೆ ಇದು ಕ್ಷೇಮವಲ್ಲ. ನೀವು ಒಂದಿಷ್ಟು ಹೊತ್ತು ಏಣಿ ಹಿಡಿದುಕೊಂಡರೆ ಈ ಬೋನಿನ ಚರಿತ್ರೆ ಹೇಳಿ ಇಳಿಯುತ್ತೇನೆ.

ಇದು ನನ್ನ ಅಕ್ಕನದು. ಐವತ್ತರ ದಶಕದ ಕೊನೆಯಲ್ಲಿ ಭಾವ ಭದ್ರಾವತಿಯ ಕಾರ್ಖಾನೆಯಲ್ಲಿದ್ದರು. ಅವರ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಾನು ಕೆಲಸ ಹುಡುಕುವ ಕೆಲಸ ಮಾಡಿಕೊಂಡಿದ್ದೆ. ಕ್ವಾರ್ಟರ್ಸು ಹಂಚುವಾಗ ಮೇಲಿನವರು ಗ್ರೇಡು ನೋಡುತ್ತಿದ್ದರು, ಇಲಿಗಳು ನೋಡುತ್ತಿರಲಿಲ್ಲ.

ಇಲಿಯ ವಿಷಯದಲ್ಲಿ ಅಕ್ಕನದೊಂದು ಸಿದ್ಧಾಂತವಿತ್ತು: ಅದಕ್ಕೆ ಮಾತು ತಿಳಿಯುತ್ತದೆ. ಬೈದರೆ ಬೈದವರ ಬಟ್ಟೆಯನ್ನೇ ಹುಡುಕಿ ಕಡಿಯುತ್ತದೆ. ಬೋನಿನ ಸುದ್ದಿ ಕಿವಿಗೆ ಬಿದ್ದರೆ ಆ ಕಡೆ ಸುಳಿಯುವುದೇ ಇಲ್ಲ. ಆದ್ದರಿಂದ ಮನೆಯೊಳಗೆ ಅದರ ಬಗ್ಗೆ ಆಡುವುದನ್ನೆಲ್ಲ ತಿರುಗಿಸಿ ಆಡಬೇಕು. ಕೊಕ್ಕೆಗೆ ಕೊಬ್ಬರಿ ಸಿಕ್ಕಿಸುತ್ತಲೇ ಅಕ್ಕ ಮಾಡಿನ ಕಡೆ ಮುಖವೆತ್ತಿ, "ಈ ಮನೇಲಿ ಬೋನೇ ಇಲ್ಲಪ್ಪ. ಇದ್ದಿದ್ದೂ ಮುರಿದುಹೋಯ್ತು" ಎಂದು ಸಾರುತ್ತಿದ್ದಳು.

"ಇಷ್ಟೆಲ್ಲ ಯಾಕೆ? ತಮಿಳಲ್ಲಿ ಮಾತಾಡೋಣ" ಎಂದರು ಭಾವ ಒಮ್ಮೆ.

"ಅದು ಹುಟ್ಟಿದ್ದೇ ಪಕ್ಕದ್ಮನೆ ಸೆಲ್ವಿಯಮ್ಮನ ಸೌದೆ ಮೂಲೇಲಿ ರೀ. ಅದಕ್ಕೆ ಕನ್ನಡಕ್ಕಿಂತ ತಮಿಳೇ ಚೆನ್ನಾಗಿ ಬರೋದು."

ಸಿಕ್ಕಿದ್ದನ್ನು ಕೊಲ್ಲುವಂತಿರಲಿಲ್ಲ. ಭಾವ ಶಿಫ್ಟಿಗೆ ಹೋಗುವಾಗ ಬೋನನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೊಳೆಯಾಚೆ ಬಿಟ್ಟುಹೋಗುತ್ತಿದ್ದರು. ಅಕ್ಕನನ್ನು ಮಾತ್ರ ಆ ಕ್ಯಾರಿಯರಿನ ಮೇಲೆ ಎಂದೂ ಕೂರಿಸಿಕೊಂಡವರಲ್ಲ. ಹೆಂಡತಿಯನ್ನು ಸೈಕಲ್ಲಿಗೇರಿಸಿದರೆ ಸಾಲುಮನೆಯವರು ನಗುತ್ತಾರಲ್ಲ.

ಅಕ್ಕ ಮಿಡ್ಲ್‌ಸ್ಕೂಲು ಮುಗಿಸಿ ಮದುವೆಯಾದವಳು. ಇಪ್ಪತ್ತೆಂಟರ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕೂರುತ್ತೇನೆಂದಳು. ಪಾಸಾದರೆ ಟೀಚರಾಗಬಹುದು. ಭಾವ ಮೂರನೆಯ ದಿನ, "ಒಂದೇ ಸಲ. ಆಗ್ಲಿಲ್ಲ ಅಂದ್ರೆ ಪುಸ್ತಕ ಎಲ್ಲಾ ಗುಜರಿಗೆ" ಎಂದರು. ಆ ಪರೀಕ್ಷೆಯನ್ನು ಮೂರನೇ ಪ್ರಯತ್ನಕ್ಕೆ ದಾಟಿದ್ದ ನಾನು ಅನುಭವಸ್ಥನೆಂದು ಅವಳಿಗೆ ಗುರುವಾದೆ. ಅವಳು ಒಲೆ ಊದುತ್ತ ಬೀಜಗಣಿತ ಬಿಡಿಸುತ್ತಿದ್ದಳು. ನಾನು ಉತ್ತರ ಸರಿಯಿದೆಯೆಂದು ಗಂಭೀರವಾಗಿ ತಲೆಯಾಡಿಸುತ್ತಿದ್ದೆ, ಅದು ನನಗೆ ತಿಳಿಯದಿದ್ದಾಗಲೂ.

ನಮ್ಮ ಇಲಿಗೂ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿದ್ದು ಆಗಲೇ. ನೋಟ್‌ಬುಕ್ಕಿನ ಬೆನ್ನಿಗೆ ಹಾಕಿದ ಮೈದಾ ಅಂಟು ಅದಕ್ಕೆ ಪಕ್ವಾನ್ನ. ಭೂಗೋಳದ ಪುಸ್ತಕದಲ್ಲಿ ಆಫ್ರಿಕಾ ಖಂಡ ಪೂರ್ತಿ ಹೋಯಿತು. ಅಷ್ಟರಲ್ಲಿ ಅಕ್ಕನ ಹಾಲ್ ಟಿಕೆಟ್ಟು ಬಂತು. ಅದರ ಮೇಲಿನ ಫೋಟೋಕ್ಕೂ ಅದೇ ಮೈದಾ ಅಂಟು. ಅದಿಲ್ಲದೆ ಒಳಗೆ ಬಿಡುವುದಿಲ್ಲ. ಅಂದು ಸಂಜೆ ಅಕ್ಕ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಹೇಳಿದಳು: "ಹಾಲ್ ಟಿಕೆಟ್ಟು ಬೋನಿನೊಳಗೆ ಇಟ್ಟಿದೀನಿ. ಎಲ್ಲರಿಗೂ ಗೊತ್ತಿರಲಿ."

ನಾನೂ ಭಾವನೂ ಮುಖ ಮುಖ ನೋಡಿಕೊಂಡೆವು. ಬೋನಿನಲ್ಲಂತೂ ಇಲ್ಲ ಎಂಬುದು ನಮಗೆ ಖಾತ್ರಿಯಾಯಿತು.

ಪರೀಕ್ಷೆ ಶಿವಮೊಗ್ಗದಲ್ಲಿ. ಆ ಬೆಳಿಗ್ಗೆ ಭಾವ ರಾತ್ರಿಪಾಳಿ ಮುಗಿಸಿ ಆಗ ತಾನೇ ಬಂದಿದ್ದರು. ಅಕ್ಕ ಜಡೆ ಹೆಣೆದುಕೊಳ್ಳುತ್ತ, "ತಮ್ಮಾ, ಬೋನಿನಲ್ಲಿದೆ, ತಗೊಂಡು ಬಾರೋ" ಎಂದಳು. ಕೊನೆಯ ಗಳಿಗೆಯಲ್ಲೂ ಎಂಥ ಎಚ್ಚರ ಎಂದು ಮೆಚ್ಚಿಕೊಂಡು ನಾನು ಟ್ರಂಕು ತೆಗೆದೆ. ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ. ಭಾವ ದೇವರ ಪಟಗಳ ಹಿಂದೆ ತಡಕಿದರು.

"ಬೋನಿನಲ್ಲಿದೆ ಅಂತ ಎಷ್ಟು ಸಲ ಹೇಳೋದೋ?"

"ಕೇಳಿಸ್ತಕ್ಕಾ. ಅದಕ್ಕೇ ಬೇರೆ ಕಡೆ ಹುಡುಕ್ತಿದೀನಿ."

ಅಕ್ಕ ಅರ್ಧ ಹೆಣೆದ ಜಡೆಯಲ್ಲೇ ಓಡಿಬಂದು, ಟ್ರಂಕಿನ ಹಿಂದೆ ಟವೆಲ್ಲು ಸುತ್ತಿಟ್ಟಿದ್ದ ಬೋನನ್ನು ಹೊರಗೆಳೆದಳು. ಟವೆಲ್ಲು ತೂತಾಗಿತ್ತು. ತಳದ ಹಲಗೆಯ ಅಂಚಿನ ಸುತ್ತ ಹಲ್ಲಿನ ಗುರುತು. ಒಳಗೆ, ಮುಚ್ಚಿದ ಬಾಗಿಲ ಹಿಂದೆ, ಹಾಲ್ ಟಿಕೆಟ್ಟು ಒಂದು ಮೂಲೆಯೂ ಮುಕ್ಕಾಗದೆ ಕೂತಿತ್ತು. ಒಳಗಿನವರನ್ನು ಹೊರಗೆ ಬಿಡದ ತಂತಿ ಹೊರಗಿನವರನ್ನು ಒಳಗೆ ಬಿಡುತ್ತದೆಯೇ? ಇಷ್ಟು ಸುಲಭದ ತರ್ಕ ಎಸ್ಸೆಸ್ಸೆಲ್ಸಿ ಪಾಸಾದ ಇಬ್ಬರು ಗಂಡಸರಿಗೆ ಹೊಳೆದಿರಲಿಲ್ಲ.

"ಮತ್ತೆ ಯಾಕಕ್ಕಾ ನಿಜ ಹೇಳಿದ್ದು?"

"ಎರಡು ವರ್ಷದಿಂದ ಸುಳ್ಳೇ ಹೇಳ್ತಿದೀನಿ. ತಿರುಗಿಸಿ ಕೇಳ್ಕೋಬೇಕು ಅಂತ ಅದಕ್ಕೂ ಗೊತ್ತಾಗಿರಲ್ವಾ? ನಿಜ ಹೇಳಿದ್ರೇನೇ ಮೋಸ ಹೋಗೋದು. ಜೊತೇಲಿ ನೀವೂ ಹೋಗ್ತೀರ ಅಂತ ನನಗೇನು ಗೊತ್ತು?"

ಅಷ್ಟರಲ್ಲಿ ಸ್ಟೇಷನ್ನಿನ ಕಡೆಯಿಂದ ಶಿವಮೊಗ್ಗದ ರೈಲು ಕೂಗಿತು. ಅದು ಹೊರಟ ಕೂಗು. ಅಕ್ಕ ಹಾಲ್ ಟಿಕೆಟ್ಟು ಹಿಡಿದು ಗೋಡೆಗೆ ಒರಗಿ ಕೂತಳು. ಅಳಲಿಲ್ಲ, ಅತ್ತಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಭಾವ ಸೈಕಲ್ಲು ಹೊರಗೆ ತಂದರು. "ಹತ್ತೇ" ಎಂದರು.

"ಜನ ನಗ್ತಾರೆ ರೀ."

"ಇಲಿ ಕೂರಿಸ್ಕೊಂಡು ಹೋಗುವಾಗಲೇ ನಕ್ಕು ಮುಗಿದಿದೆ. ಹತ್ತು."

ರಾತ್ರಿಯಿಡೀ ಕುಲುಮೆಯ ಮುಂದೆ ನಿಂತಿದ್ದ ಮನುಷ್ಯ ಶಿವಮೊಗ್ಗದವರೆಗೆ ತುಳಿದರು. ಹಿಂದೆ ಕೂತ ಅಕ್ಕ ದಾರಿಯುದ್ದಕ್ಕೂ ಚರಿತ್ರೆ ಒಪ್ಪಿಸಿದಳಂತೆ, ಭಾವ ಏರಿನಲ್ಲಿ ಏದುಸಿರು ಬಿಡುತ್ತ "ಮುಂದೆ?" ಎನ್ನುತ್ತಿದ್ದರಂತೆ. ಗಂಟೆ ಹೊಡೆದ ಮೇಲೆ ಒಳಗೆ ಹೋದಳು, ಆದರೆ ಹೋದಳು. ಉಳಿದ ದಿನ ರೈಲಿಗೆ ಹೊತ್ತಿದ್ದರೂ ಭಾವ ಸೈಕಲ್ಲನ್ನೇ ಹೊರಡಿಸಿದರು.

ಪಾಸಾದಳು. ಅಂಕಪಟ್ಟಿ ಬಂದಾಗ ಅದನ್ನೂ ಬೋನಿನೊಳಗೇ ಇಟ್ಟಳು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಇಲಿ ಹಿಡಿಯಲು ಬೋನಿಲ್ಲದೆ ಅವು ಸುಖವಾಗಿ ಬಾಳಿದವು. ಬಂದವರು ಕೇಳಿದರೆ ಭಾವ, "ಏನು ಮಾಡೋದು ಮಾರಾಯ್ರೆ, ಬೋನಿನಲ್ಲಿ ನಮ್ಮ ಟೀಚರಮ್ಮ ಕೂತಿದಾರೆ" ಎನ್ನುತ್ತಿದ್ದರು. ಆ ಹೆಮ್ಮೆಯನ್ನು ಅವರು ಬೇರೆ ಯಾವ ಮಾತಿನಲ್ಲೂ ಹೇಳಿದ್ದು ನಾನು ಕೇಳಿಲ್ಲ.

ಇಬ್ಬರೂ ಹೋದ ಮೇಲೆ ಬೋನು ನನ್ನ ಪಾಲಿಗೆ ಬಂತು. ಅಂಕಪಟ್ಟಿಯನ್ನು ತೆಗೆದು ಬೀರುವಿನಲ್ಲಿಟ್ಟು ಬೋನು ಇಳಿಸಿಕೊಡೋಣವೆಂದೇ ನಾನು ಏಣಿ ಹತ್ತಿದ್ದು. ಬೀರುವಿಗಿಂತ ಇದೇ ಭದ್ರ ಎಂದು ಈಗ ತೋರುತ್ತಿದೆ.

"ಬೋನು ಸಿಕ್ತೇನ್ರೀ?" ಮನೆಯಾಕೆ ಕೊಬ್ಬರಿ ಹಿಡಿದು ಬಂದು ಕೆಳಗೆ ನಿಂತಿದ್ದಾಳೆ.

ಉಗ್ರಾಣಕ್ಕೂ ಕೇಳುವಂತೆ ಹೇಳಿದೆ: "ಸಿಕ್ತು. ಆದರೆ ಖಾಲಿಯಿಲ್ಲ."

"ಮತ್ತೆ ಈ ಕೊಬ್ಬರಿ ಏನು ಮಾಡ್ಲಿ?"

"ಎರಡು ಚೂರು ಮಾಡು. ಒಂದು ನನಗೆ. ಇನ್ನೊಂದನ್ನ ಉಗ್ರಾಣದ ಬಾಗಿಲಲ್ಲಿಡು."

ಇನ್ನು ಇಳಿಯುತ್ತೇನೆ. ಏಣಿ ಬಿಡಬೇಡಿ.