ಡ್ರಿಲ್ ಮೇಷ್ಟ್ರ ಮೇಲೆ ಬರೆದ ದೂರು

ಮಾರ್ಚ್ ತಿಂಗಳ ಬಿಸಿಲಲ್ಲೂ ನಮ್ಮ ಡ್ರಿಲ್ ಮೇಷ್ಟ್ರು ಕಂದು ಬಣ್ಣದ ಉಣ್ಣೆ ಸ್ವೆಟರ್ ಬಿಚ್ಚುತ್ತಿರಲಿಲ್ಲ. ಮುಖ ಊದಿಕೊಂಡಿತ್ತು, ಹುಬ್ಬಿನ ತುದಿಯ ಕೂದಲು ಉದುರಿತ್ತು. ಸಿದ್ಧಾರ್ಥನಗರದ ನಮ್ಮ ಶಾಲೆಯ ಮೈದಾನ ದಾಟಿ ರಸ್ತೆಗೂ ಕೇಳಿಸುತ್ತಿದ್ದ ಅವರ ದನಿ ಗೊಗ್ಗರಾಗಿ, ಮಾತು ಎಳೆದೆಳೆದು ಬರುತ್ತಿತ್ತು.

ಮೊದಲು ಹಾಗಿರಲಿಲ್ಲ. ಹುಡುಗರು ಜಗಳವಾಡಿಕೊಂಡು ಬಂದರೂ, ಸ್ಟಾಫ್ ರೂಮಿನಲ್ಲಿ ನಾವು ಮುನಿಸಿಕೊಂಡರೂ ಅವರದು ಒಂದೇ ಮಾತು: "ಮೈದಾನ ಒಂದು ಸುತ್ತು ಓಡ್ಬಂದ್ಬುಡಿ, ಆಮೇಲೆ ಮಾತಾಡೋಣ." ಅಂಥವರು ಎರಡೇ ವರ್ಷದಲ್ಲಿ, ಕುರ್ಚಿ ಸಿಕ್ಕರೆ ಸಾಕು, ಕೂತಲ್ಲೇ ತೂಕಡಿಸತೊಡಗಿದರು. ಕುಡಿಯುತ್ತಾರೆ ಎಂದುಕೊಂಡೆವು. ಆಡಳಿತ ಮಂಡಳಿಗೆ ದೂರು ಕೊಡುವುದೆಂದಾಯಿತು. ನಾನು ಕನ್ನಡ ಮೇಷ್ಟ್ರು, ಅಕ್ಷರ ದುಂಡಗಿದೆ ಎಂದು ಎಲ್ಲರೂ ನನ್ನ ಕೈಯಲ್ಲೇ ಬರೆಸಿದರು. ಒಂದು ದಿನವೂ ಡ್ರಿಲ್ ಮೇಷ್ಟ್ರ ಬಾಯಿಂದ ವಾಸನೆ ಬಂದದ್ದಿಲ್ಲ, ಆದರೂ ಬರೆದೆ. ಮಂಡಳಿಯವರು ಆ ಕಾಗದವನ್ನು ಅವರ ಮುಂದಿಟ್ಟು, ರಜೆಯ ಮೇಲೆ ಕಳಿಸಿದರು.

ಅವರ ಹೆಂಡತಿಗೆ ಮೊದಲಿನಿಂದ ಥೈರಾಯ್ಡ್ ಕಮ್ಮಿ. ಚಳಿ, ಊತ, ಸುಸ್ತು ಎಲ್ಲ ತನಗಾದಂತೆಯೇ ಇದೆಯಲ್ಲ ಎಂದು ಆಕೆಯೇ ಬಲವಂತ ಮಾಡಿ ಅವರ ರಕ್ತ ಪರೀಕ್ಷೆ ಮಾಡಿಸಿದರು. ಮೇಷ್ಟ್ರು ರಿಪೋರ್ಟ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದರು.

"ಥೈರಾಯ್ಡ್ ಅಂತೆ ಕಣ್ರೀ."

"ಅದು ಹೆಂಗಸರಿಗೆ ಬರೋದಲ್ವಾ?" ಎಂದು ಯಾರೋ ನಕ್ಕರು.

ಅವರು ರಿಪೋರ್ಟನ್ನು ಮಡಿಸಿ ಜೇಬಿಗಿಟ್ಟುಕೊಂಡರು. ತಪ್ಪಾಯಿತು ಎನ್ನಬೇಕಿದ್ದರೆ ಆಗಲೇ ಅನ್ನಬೇಕಿತ್ತು. ನಾನು ನೋಟ್‌ಬುಕ್ ತಿದ್ದುತ್ತಾ ಕೂತೆ.

ಮಾತ್ರೆಯಿಂದ ಅವರು ಚೇತರಿಸಿಕೊಂಡರು, ಮತ್ತೆ ಕೆಲಸಕ್ಕೆ ಬಂದರು, ನಿವೃತ್ತರೂ ಆದರು. ಆಮೇಲೆ ನನ್ನ ಸರದಿ. ನಿದ್ದೆ ಮಾಡಿದಷ್ಟೂ ಆಯಾಸ. ಸೀಮೆಸುಣ್ಣ ಹಿಡಿದ ಕೈ ಎತ್ತುವುದೂ ಸಾಕಾಗುತ್ತಿತ್ತು. ವಯಸ್ಸಾಯಿತು ಎಂದು ಸುಮ್ಮನಿದ್ದೆ. ಒಂದು ಸಂಜೆ ತರಕಾರಿ ಅಂಗಡಿಯ ಮುಂದೆ ಸಿಕ್ಕ ಡ್ರಿಲ್ ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. "ನಾಳೆ ಬೆಳಿಗ್ಗೆ ರೆಡಿಯಾಗಿರಿ, ಬರ್ತೀನಿ," ಎಂದರು.

ಲ್ಯಾಬಿನ ಬೆಂಚಿನ ತುಂಬ ಹೆಂಗಸರು. ನಾನು ಮುದುಡಿ ಕೂತಿದ್ದೆ. ಅವರು ಪಕ್ಕದಲ್ಲೇ ಇದ್ದರು. "ನಾಚ್ಕೊಳ್ಳೋಕೆ ಏನೈತ್ರೀ? ಇದ್ರೆ ದಿನಾ ಒಂದು ಮಾತ್ರೆ, ಬರೀ ಹೊಟ್ಟೇಲಿ. ಕಾಫಿ ಸ್ವಲ್ಪ ತಡ ಆಗುತ್ತೆ, ಅಷ್ಟೇ."

ಹೋದ ವರ್ಷ ಅವರು ಹೃದಯಾಘಾತದಿಂದ ತೀರಿಕೊಂಡರು. ತಿಥಿಯಾದ ಮೇಲೆ ಒಂದು ದಿನ ಹೋಗಿ, ಆ ದೂರು ಬರೆದದ್ದು ನಾನೇ ಎಂದು ಅವರ ಹೆಂಡತಿಗೆ ಹೇಳಿದೆ.

"ಗೊತ್ತು ಮೇಷ್ಟ್ರೇ. ಅಕ್ಷರ ನೋಡಿ ಅವತ್ತೇ ಗುರುತು ಹಿಡಿದಿದ್ರು."

"ಮತ್ತೆ ನನ್ನನ್ನ ಯಾಕೆ ಲ್ಯಾಬಿಗೆ ಕರ್ಕೊಂಡು ಹೋದ್ರು?"



"ಸುಸ್ತಾಗಿದ್ರಲ್ಲ ನೀವು, ಅದಕ್ಕೆ."