ಕಪ್‌ನ ಮೇಲಿನ ಹೆಸರು

ದೇಶದ ವರ್ಷದ ಕ್ರೀಡಾಪಟು ಪ್ರಶಸ್ತಿಯ ಬೆಳ್ಳಿ ಕಪ್ ಹೊಸ ಹೆಸರು ಕೆತ್ತಿಸಿಕೊಳ್ಳಲು ನನ್ನ ಅಂಗಡಿಗೆ ಬಂತೆಂದರೆ, ಹಿಂದೆಯೇ ಹಳೇ ಚಾಂಪಿಯನ್ ಒಬ್ಬರೂ ಬಂದರೆಂದೇ ಲೆಕ್ಕ. ಯಾವ ಕಾಲದಲ್ಲೋ ಓಡಿ ಅದನ್ನು ಗೆದ್ದವರು. ಈಗ ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. "ಸುಮ್ನೆ ಈ ಕಡೆ ಬಂದಿದ್ದೆ ಸಾಹುಕಾರ್ರೇ" ಎನ್ನುತ್ತಾರೆ, ಇಸ್ತ್ರಿ ಮಾಡಿದ ಕೋಟಿನಲ್ಲಿ. ಟೀ ಬರುವ ಮೊದಲೇ ಪ್ರಶಸ್ತಿಯ ಇತಿಹಾಸ ಶುರು. ಕಪ್‌ನ ಪೀಠದ ಮೇಲಿನ ಒಂದೊಂದು ಹೆಸರಿಗೂ ಒಂದೊಂದು ಬೈಗುಳ: "ಇವನು ಮಂತ್ರಿಯ ಭಾಮೈದ. ಓಡಿದ್ದು ಇವನಲ್ಲ, ಇವನ ಫೈಲು." ಈಗಿನವರ ಮಾತೆತ್ತಿದರೆ, "ಬೂಟು ಓಡುತ್ತೆ ಕಣ್ರೀ, ಇವರು ಜೊತೆಗೆ ಹೋಗ್ತಾರೆ" ಎಂದು ನಗುತ್ತಾರೆ. ಬಯ್ಯುತ್ತಲೇ ಅವರ ಹೆಬ್ಬೆರಳು ತಮ್ಮ ಹೆಸರನ್ನು ಹುಡುಕಿಕೊಂಡು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಎದ್ದು ಹೋಗುವವರೆಗೂ ನಿಲ್ಲುವುದಿಲ್ಲ. ವರ್ಷವರ್ಷವೂ ಇದೇ. ಈ ಸಲ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ನಿಮ್ಮ ಪಾಲಿಶ್ ಸರಿಯಿಲ್ಲ ಸಾಹುಕಾರ್ರೇ, ನನ್ನ ಹೆಸರು ಅಳಿಸಿಹೋಗ್ತಿದೆ" ಎಂದರು. ಬಗ್ಗಿ ನೋಡಿದೆ. ಮಂತ್ರಿಯ ಭಾಮೈದನ ಹೆಸರು ನಿನ್ನೆ ಕೆತ್ತಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಸುತ್ತಲಿನ ಹೆಸರುಗಳೆಲ್ಲ ಚೂಪಾಗಿಯೇ ಇದ್ದವು. ಸವೆದದ್ದು ಇವರದೊಂದೇ, ಹೆಬ್ಬೆರಳಿನಗಲ. ಹಳೆಯ ಅಕ್ಷರ ಮುಟ್ಟಕೂಡದೆಂದು ಪ್ರಶಸ್ತಿ ಕೊಡುವ ಸಂಘದ ಕಟ್ಟಪ್ಪಣೆ ಬೇರೆ. ನನ್ನ ಸರಕಿನ ಮೇಲೆ ಬಂದ ದೂರನ್ನು ಇಷ್ಟು ವರ್ಷದ ವ್ಯಾಪಾರದಲ್ಲಿ ಒಪ್ಪಿಕೊಂಡವನೇ ಅಲ್ಲ ನಾನು. "ಹೌದು ಸಾರ್, ಪಾಲಿಶ್‌ದೇ ತಪ್ಪು. ಬದಲಾಯಿಸ್ತೀನಿ" ಎಂದೆ. ಅವರಿಗೆ ಸಮಾಧಾನವಾಯಿತೇನೋ, ಟೀ ಲೋಟ ಕೆಳಗಿಟ್ಟರು. ಹೆಬ್ಬೆರಳು ಮತ್ತೆ ಅಲ್ಲಿಗೇ ಹೋಯಿತು.